ಅಪ್ಪನ ಫೋನು, ಮಗನ ಬೆರಳಚ್ಚು

ಆಗಸ್ಟ್ ಬಂತೆಂದರೆ ಪಿರಿಯಾಪಟ್ಟಣದ ಹೊಗೆಸೊಪ್ಪಿನ ಊರುಗಳಲ್ಲಿ ದೊಡ್ಡವರಿಗೆ ನಿದ್ದೆ ಇರುವುದಿಲ್ಲ. ಹಗಲೆಲ್ಲ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಒಣಗಿಸುವ ಬ್ಯಾರನ್‌ಗೆ ಏರಿಸಿದ ಮೇಲೆ ಐದಾರು ದಿನ ಅದರ ಬೆಂಕಿ ಆರಬಾರದು, ಹದ ಮೀರಲೂಬಾರದು. ಒಂದು ರಾತ್ರಿ ಕಣ್ಣು ಹತ್ತಿದರೂ ಸೊಪ್ಪಿನ ಬಣ್ಣ ಕೆಟ್ಟು ಹರಾಜಿನಲ್ಲಿ ದರ ಬಿದ್ದುಹೋಗುತ್ತದೆ. ಹಾಗಾಗಿ ನನ್ನ ಭಾವ ರಾತ್ರಿಯಿಡೀ ಬ್ಯಾರನ್ ಒಲೆಯ ಮುಂದೆ ಕೂತಿರುತ್ತಾರೆ. ಅಕ್ಕ ಬೆಳಗಿನ ಆಳುಗಳ ಅಡುಗೆಗೆ ನಾಲ್ಕಕ್ಕೇ ಏಳಬೇಕಾದ್ದರಿಂದ ಬೇಗ ಮಲಗಿಬಿಡುತ್ತಾಳೆ. ಒಂಬತ್ತನೇ ಕ್ಲಾಸಿನ ಅಳಿಯ ಒಳಮನೆಯಲ್ಲಿ ಕಂಬಳಿ ಹೊದ್ದು ಎಚ್ಚರವಾಗಿರುತ್ತಾನೆ, ಅಪ್ಪನ ಫೋನಿನ ಜೊತೆ.

ಹೋದ ಸಲ ಭಾವ ಗೊಬ್ಬರದಂಗಡಿಯಲ್ಲಿ ಬಾಕಿ ಕಟ್ಟಲು ಹೋದಾಗ ಖಾತೆಯಲ್ಲಿ ದುಡ್ಡು ಕಡಿಮೆ ಬಂತು. ಮೆಸೇಜು ತೆಗೆದು ನೋಡಿದರೆ ಒಂದೇ ವಾರದಲ್ಲಿ ಐದು ಸಲ ಚಿಲ್ಲರೆ ಚಿಲ್ಲರೆಯಾಗಿ ಹಣ ಹೋಗಿತ್ತು, ಎಲ್ಲವೂ ರಾತ್ರಿ ಹನ್ನೊಂದರ ಮೇಲೆ. ಆಟದೊಳಗೆ ಬಂದೂಕಿಗೆ ಬಣ್ಣ ಹಾಕಿಸಿಕೊಳ್ಳಲು, ಆಟಗಾರನಿಗೆ ಹೊಸ ಬಟ್ಟೆ ತೊಡಿಸಲು ಕಟ್ಟಿದ ದುಡ್ಡು ಅದು. ಭಾವ ನನಗೆ ಫೋನ್ ಮಾಡಿದರು. "ಮಕ್ಕಳಿಗೆ ಅಂತ ಅದೇನೋ ಲಾಕು ಮಾಡೋದು ಅದಂತಲ್ಲಪ್ಪ, ಬಂದು ಹಾಕ್ಕೊಟ್ಟು ಹೋಗು."

ಭಾನುವಾರ ಹೋದೆ. ಅಪ್ಪ, ಅಮ್ಮ, ಮಗ, ನಾನು ಜಗುಲಿಯ ಮೇಲೆ ಕೂತೆವು. ಸೆಟ್ಟಿಂಗ್ಸ್ ತೆರೆದು ಬೆರಳಚ್ಚಿನ ಪಟ್ಟಿ ನೋಡಿದೆ. ಮೂರು ದಾಖಲಾಗಿದ್ದವು. ಒಂದಾದರೂ ಭಾವನದು ಇರಬೇಕಲ್ಲ ಎಂದು ಅವರ ಹೆಬ್ಬೆರಳು ಇಡಿಸಿದರೆ ಫೋನು ತೆರೆಯಲಿಲ್ಲ. ಸೊಪ್ಪು ಮುರಿಯುವ ಕಾಲದಲ್ಲಿ ಕೈಗೆ ಹತ್ತುವ ಕಪ್ಪು ಅಂಟು ಯಾವ ಸೋಪಿಗೂ ಬಗ್ಗುವುದಿಲ್ಲ, ಬೆರಳಿನ ಗೆರೆಗಳೇ ಮುಚ್ಚಿಹೋಗಿರುತ್ತವೆ. ರೇಷನ್ ಅಂಗಡಿಯ ಯಂತ್ರದ ಮುಂದೆ ನಮ್ಮ ರೈತರು ಪಡುವ ಪಾಡೂ ಇದೇ. ಹುಡುಗ ಸುಮ್ಮನೆ ಕೈ ಚಾಚಿ ತನ್ನ ಬೆರಳಿಟ್ಟ. ಫೋನು ತೆರೆಯಿತು.

"ಯಾವಾಗ್ಲಾ ಹಾಕ್ಕೊಂಡೆ ಇದ?" ಎಂದು ಭಾವ ಸಿಟ್ಟಾದರು. "ನಿಂಗೆ ತೆಗೆಯಾಕ್ ಆಯ್ತಿರ್ಲಿಲ್ವಲ್ಲಪ್ಪ. ಬೆಳೆ ಸಮೀಕ್ಷೆ ಮಾಡ್ಕೊಡು ಅಂದ್ಯಲ್ಲ, ಆಗ ಹಾಕ್ದೆ" ಅಂದ ಹುಡುಗ.

ಅವನು ಹೇಳಿದ್ದು ನಿಜ. ಈ ಮಾತನ್ನು ಹೇಳಬೇಕೆಂದೇ ಇವತ್ತು ಬರೆಯಲು ಕೂತಿದ್ದೇನೆ. ನಮ್ಮ ಕಡೆಯ ತಾಲ್ಲೂಕುಗಳ ಬಹಳಷ್ಟು ಮನೆಗಳಲ್ಲಿ ಫೋನಿನ ಗುಮಾಸ್ತೆ ಮಗು. 2020ರಲ್ಲಿ ರೈತರೇ ಆಪ್ ಮೂಲಕ ಬೆಳೆ ಸಮೀಕ್ಷೆ ಮಾಡಿಕೊಳ್ಳಬೇಕು ಎಂದು ಸರ್ಕಾರ ಹೇಳಿದಾಗ ಹೊಲದ ಬದುವಿನ ಮೇಲೆ ನಿಂತು ಫೋಟೊ ತೆಗೆದದ್ದು ಮಕ್ಕಳು. ಸ್ಕಾಲರ್‌ಶಿಪ್ಪಿನ ಅರ್ಜಿಗೆ ಓಟಿಪಿ ಓದಿ ಹೇಳುವವರು, ಅಮ್ಮನಿಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬಂತೋ ಇಲ್ಲವೋ ನೋಡಿ ಹೇಳುವವರು, ಅಂಗಡಿಯಲ್ಲಿ ಸ್ಕ್ಯಾನ್ ಮಾಡಿ ದುಡ್ಡು ಹಾಕುವವರು ಎಲ್ಲ ಅವರೇ. ಭಾವನ ಯುಪಿಐ ಪಿನ್ ಹುಡುಗ ಕದ್ದದ್ದಲ್ಲ, ಗೊಬ್ಬರದಂಗಡಿಯಲ್ಲಿ ಅಪ್ಪನೇ ಬಾಯಿಬಿಟ್ಟು ಹೇಳಿ ಒತ್ತಿಸಿದ್ದು. ಬೀಗದ ಕೈಯನ್ನು ನಾವೇ ಮಕ್ಕಳ ಕೈಗಿಟ್ಟು, ಈಗ ಬೀಗ ಹಾಕಿಕೊಡು ಎಂದು ಇನ್ಯಾರನ್ನೋ ಕರೆಯುತ್ತಿದ್ದೇವೆ. ಯಾವ ಆಪ್ ಹಾಕಿಕೊಂಡರೂ ಮೊದಲು ಕೈ ವಾಪಸ್ ದೊಡ್ಡವರ ಹತ್ತಿರ ಬರದಿದ್ದರೆ ಅದು ಬಾಗಿಲಿಲ್ಲದ ಕೊಟ್ಟಿಗೆಗೆ ಬೀಗ ಹಾಕಿದಂತೆ.

ಪೇರೆಂಟಲ್ ಕಂಟ್ರೋಲ್ ಎಂಬುದನ್ನು ರೂಪಿಸಿದವರ ಕಣ್ಣ ಮುಂದೆ ಇದ್ದ ಮನೆ ಬೇರೆ. ಅಲ್ಲಿ ಅಪ್ಪನಿಗೊಂದು ಫೋನು, ಅಮ್ಮನಿಗೊಂದು, ಮಗುವಿಗೆ ಬೇರೆಯೇ ಒಂದು ಟ್ಯಾಬು. ಗೂಗಲ್‌ನವರು 2017ರಲ್ಲಿ ತಂದ ಫ್ಯಾಮಿಲಿ ಲಿಂಕ್ ಇರಲಿ, ಮರುವರ್ಷ ಆಪಲ್ ಐಫೋನಿಗೆ ಸೇರಿಸಿದ ಸ್ಕ್ರೀನ್ ಟೈಮ್ ಇರಲಿ, ಎರಡೂ ನಡೆಯುವುದು ಮಗುವಿನ ಫೋನು ಬೇರೆ, ಪೋಷಕರ ಫೋನು ಬೇರೆ ಎಂಬ ಲೆಕ್ಕದ ಮೇಲೆ. ನಮ್ಮಲ್ಲಿ ಫೋನು ಮನೆಯೊಳಕ್ಕೆ ಬಂದ ದಾರಿಯೇ ಬೇರೆ. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಆಗಸ್ಟಿನಲ್ಲಿ ವಿದ್ಯಾಗಮ ಶುರುವಾಗಿ ಮೇಷ್ಟ್ರು ಮೇಡಮ್ಮುಗಳು ದೇವಸ್ಥಾನದ ಜಗುಲಿ, ಅರಳಿಕಟ್ಟೆಗಳ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದರು. ಅದೂ ಅಕ್ಟೋಬರಿನಲ್ಲಿ ನಿಂತಿತು. ಉಳಿದದ್ದು ವಾಟ್ಸ್ಆಪ್ ಗ್ರೂಪು. ಕುರಿ ಮಾರಿ, ಸಂಘದಲ್ಲಿ ಸಾಲ ಎತ್ತಿ ಫೋನು ತಂದವರನ್ನು ನಾನು ನೋಡಿದ್ದೇನೆ. ಶಿಕ್ಷಣದ ಸ್ಥಿತಿಗತಿ ನೋಡುವ ಅಸರ್ ಸಮೀಕ್ಷೆಯ ವರದಿಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದ್ದದ್ದು 2018ರಲ್ಲಿ ಶೇ 36.5ರಷ್ಟು ಕಡೆ, 2020ರ ಹೊತ್ತಿಗೆ ಅದು ಶೇ 61.8. ಹೀಗೆ ಬಂದ ಫೋನು ಪಾಠಕ್ಕೆಂದು ಬಂತು, ಹೆಸರಿಗೆ ಅಪ್ಪನದಾಯಿತು, ಸಂಜೆಯ ಮೇಲೆ ಮಕ್ಕಳದಾಯಿತು. ಕೊರೋನಾ ಹೋಯಿತು. ಹೋಂವರ್ಕಿನ ಗ್ರೂಪು ಮಾತ್ರ ಇನ್ನೂ ಹಾಗೇ ಇದೆ.

ಹಾಗಾದರೆ ಒಂದೇ ಫೋನಿರುವ ಮನೆಯವರು ಏನು ಮಾಡಬೇಕು? ಆ ಭಾನುವಾರ ನಾವು ಮಾಡಿದ್ದನ್ನೇ ಹೇಳುತ್ತೇನೆ.

ಮೊದಲು ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿದೆವು. ಇದನ್ನು ಸಣ್ಣ ವಿಷಯ ಎಂದು ದಯವಿಟ್ಟು ಯಾರೂ ತಳ್ಳಿಹಾಕಬೇಡಿ. ಅಕ್ಕ ಏಳನೇ ಕ್ಲಾಸು ಓದಿದವಳು, ಕನ್ನಡ ಪೇಪರನ್ನು ಸರಾಗ ಓದುತ್ತಾಳೆ. ಇಷ್ಟು ವರ್ಷ ಆ ಫೋನು ಅವಳಿಗೆ ಬರದ ಭಾಷೆಯಲ್ಲಿತ್ತು, ಹಾಗಾಗಿ ಅವಳು ಮುಟ್ಟಿದ್ದು ಹಸಿರು ಬಟನ್ ಒಂದನ್ನೇ. ಕನ್ನಡ ಬಂದ ಮೇಲೆ ಅವಳೇ ಒಂದೊಂದು ಸಾಲು ಓದುತ್ತಾ ಹೋದಳು. ಮಗ ಪಕ್ಕದಲ್ಲಿ ಕೂತು ಅಮ್ಮ ಓದುವುದನ್ನು ನೋಡುತ್ತಿದ್ದ. ಅವನ ಮುಖದಲ್ಲಿ ಗಾಬರಿಯೂ ಇತ್ತು, ಅಚ್ಚರಿಯೂ ಇತ್ತು.

ಆಮೇಲೆ ಬೆರಳಚ್ಚು. ಹಳೆಯ ಮೂರನ್ನೂ ಅಳಿಸಿ ಅಕ್ಕನ ಎರಡು ಬೆರಳು ಹಾಕಿದೆವು. ಹೊಲದ ಕೆಲಸವಿದ್ದರೂ ಅವಳ ಕೈಗೆ ಭಾವನಷ್ಟು ಅಂಟು ಹತ್ತಿರಲಿಲ್ಲ. ಭಾವನಿಗೆ ಅಂಕಿಯ ಪಿನ್. ಇಲ್ಲಿ ಒಂದು ಮಾತು ತಿಳಿದಿರಬೇಕು. ಹಣ ಕಳಿಸುವ ಆಪ್‌ಗಳನ್ನು ತೆರೆಯುವಾಗ ಕೇಳುವ ಲಾಕು ಸಾಮಾನ್ಯವಾಗಿ ಫೋನಿನದೇ ಲಾಕು. ಮಗುವಿನ ಬೆರಳು ಫೋನಿನಲ್ಲಿದ್ದರೆ ಆ ಆಪ್ ಕೂಡ ತೆರೆದುಕೊಳ್ಳುತ್ತದೆ, ನಡುವೆ ಉಳಿಯುವುದು ಯುಪಿಐ ಪಿನ್ ಒಂದೇ. ಅದೂ ಇಲ್ಲದ ದಾರಿಯೊಂದಿದೆ, ಯುಪಿಐ ಲೈಟ್. ಚಿಲ್ಲರೆ ವ್ಯವಹಾರಕ್ಕೆಂದು ಮಾಡಿದ ಈ ಪುಟ್ಟ ಚೀಲದಿಂದ ಒಂದು ಸಲಕ್ಕೆ 1,000 ರೂಪಾಯಿವರೆಗೆ ಪಿನ್ ಇಲ್ಲದೆಯೇ ಹೋಗುತ್ತದೆ, ಚೀಲದಲ್ಲಿ 5,000 ರೂಪಾಯಿವರೆಗೆ ಇಟ್ಟುಕೊಳ್ಳಬಹುದು. ಅಂಗಡಿಯವರಿಗೆ, ಆಟೋದವರಿಗೆ ಅನುಕೂಲವೇ. ಆದರೆ ಮಕ್ಕಳ ಕೈಗೆ ಹೋಗುವ ಫೋನಿನಲ್ಲಿ ಅದು ಬೇಡ. ನಿಲ್ಲಿಸಿದರೆ ಉಳಿದ ಹಣ ಖಾತೆಗೇ ವಾಪಸ್ ಬರುತ್ತದೆ. ಜೊತೆಗೆ ಆಟೊಪೇ ಪಟ್ಟಿಯನ್ನೂ ತೆರೆದು ನೋಡಿ. ಒಮ್ಮೆ ಒಪ್ಪಿಗೆ ಕೊಟ್ಟ ಚಂದಾ ತಿಂಗಳು ತಿಂಗಳು ತಾನಾಗಿ ಕಡಿತವಾಗುತ್ತಿರುತ್ತದೆ. ಯುಪಿಐ ಪಿನ್ ಅನ್ನೂ ಅದೇ ದಿನ ಬದಲಾಯಿಸಿದೆವು. ಇನ್ನು ಮೇಲೆ ಅಂಗಡಿಯಲ್ಲಿ ಹುಡುಗ ಸ್ಕ್ಯಾನ್ ಮಾಡಲಿ, ಮೊತ್ತ ಹಾಕಲಿ, ಪಿನ್ ಒತ್ತುವುದು ಮಾತ್ರ ಭಾವನೇ ಎಂದು ಮಾತಾಯಿತು.

ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸಿನಲ್ಲಿ ಫ್ಯಾಮಿಲಿ ಎಂಬ ಭಾಗದಲ್ಲಿ ಪೇರೆಂಟಲ್ ಕಂಟ್ರೋಲ್ ಇದೆ. ಅದಕ್ಕೆ ಬೇರೆಯೇ ಪಿನ್. 3, 7, 12, 16, 18 ಎಂದು ವಯಸ್ಸಿನ ಮೆಟ್ಟಿಲುಗಳಿವೆ. ನಾವು 12ಕ್ಕೆ ನಿಲ್ಲಿಸಿದೆವು. ಬಹಳ ಜನ ಎಡವುವುದು ಇದರ ನಂತರ. ಈ ತಡೆ ಇನ್ನು ಮುಂದೆ ಇಳಿಸಿಕೊಳ್ಳುವ ಆಪ್‌ಗಳಿಗೆ ಮಾತ್ರ. ಈಗಾಗಲೇ ಫೋನಿನಲ್ಲಿ ಕೂತಿರುವುದನ್ನು ಅದು ತೆಗೆಯುವುದಿಲ್ಲ, ನಾವೇ ಕೂತು ತೆಗೆಯಬೇಕು. ಅದೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡುವುದೂ ಇದೆ, ಅದನ್ನೂ ಹಾಕಿದೆವು.

ಇನ್ನು ಸಂಜೆಯ ಹೋಂವರ್ಕು. ವಾಟ್ಸ್ಆಪ್ ಇರುವುದು ಅಪ್ಪನ ನಂಬರಿಗೆ. ಅದರಲ್ಲಿ ಊರಿನ ಗ್ರೂಪು, ಸೊಪ್ಪಿನ ದರದ ಗ್ರೂಪು, ಎಲ್ಲೆಲ್ಲಿಂದಲೋ ತೇಲಿ ಬಂದ ಅಪಘಾತದ, ಹೊಡೆದಾಟದ ವಿಡಿಯೊಗಳು, ದೊಡ್ಡವರ ಚೇಷ್ಟೆಯ ಚಿತ್ರಗಳು. ಹೋಂವರ್ಕು ನೋಡಲು ಹೋದ ಮಗು ಇವೆಲ್ಲವನ್ನೂ ದಾಟಿಕೊಂಡೇ ಹೋಗಬೇಕು. ಇದಕ್ಕೆ ನನಗೆ ತೋರಿದ ಅತಿ ಸುಲಭದ ಉಪಾಯ, ಅಮ್ಮನೋ ಅಪ್ಪನೋ ಗ್ರೂಪು ತೆರೆದು ಹಿಡಿಯುವುದು, ಮಗು ನೋಟ್‌ಬುಕ್ಕಿಗೆ ಬರೆದುಕೊಂಡು ಫೋನನ್ನು ವಾಪಸ್ ಕೊಡುವುದು. ಪಾಠದ ವಿಡಿಯೊ ನೋಡಬೇಕಿದ್ದರೆ ಆಪ್ ಪಿನ್ನಿಂಗ್ ಎಂಬ ಸೌಲಭ್ಯವಿದೆ. 2014ರಿಂದಲೇ ಆಂಡ್ರಾಯ್ಡ್ ಫೋನುಗಳಲ್ಲಿರುವ ಇದನ್ನು ನಮ್ಮಲ್ಲಿ ನೂರಕ್ಕೆ ಒಬ್ಬರೂ ಬಳಸಿದ್ದನ್ನು ನಾನು ಕಂಡಿಲ್ಲ. ಸೆಟ್ಟಿಂಗ್ಸಿನ ಸೆಕ್ಯುರಿಟಿ ಭಾಗದಲ್ಲಿ ಅದನ್ನು ಆನ್ ಮಾಡಿ, ಹೊರಬರಲು ಪಿನ್ ಕೇಳಬೇಕು ಎಂಬುದನ್ನೂ ಆರಿಸಿಡಬೇಕು. ಆಮೇಲೆ ಬೇಕಾದ ಆಪ್ ತೆರೆದು, ಇತ್ತೀಚೆಗೆ ಬಳಸಿದ ಆಪ್‌ಗಳ ಸಾಲಿಗೆ ಹೋಗಿ, ಅದರ ಚಿತ್ರ ಒತ್ತಿ ಪಿನ್ ಮಾಡಿದರೆ ಮುಗಿಯಿತು. ಮಗುವಿಗೆ ಆ ಒಂದು ಆಪ್ ಬಿಟ್ಟು ಆಚೆ ಬರಲಾಗದು. ಒಂದೇ ಫೋನಿರುವ ಮನೆಗೆ ಇದರಷ್ಟು ಒದಗುವ ಬೀಗ ಇನ್ನೊಂದಿಲ್ಲ. ಕೆಲವು ಕಂಪನಿಗಳ ಫೋನಿನಲ್ಲಿ ಮಗುವಿಗೆ ಬೇರೆ ಯೂಸರ್, ಅಂದರೆ ಒಂದೇ ಮನೆಯೊಳಗೆ ಬೇರೆ ಕೋಣೆ, ಮಾಡಿಕೊಡಲು ಬರುತ್ತದೆ. ಕೆಲವು ಕಂಪನಿಯವರು ಅದನ್ನು ತೆಗೆದುಹಾಕಿರುತ್ತಾರೆ. ಇದ್ದರೆ ಬಳಸಿ. ಇಲ್ಲದಿದ್ದರೆ ಆಪ್ ಲಾಕ್ ಇದೆಯೇ ನೋಡಿ, ವಾಟ್ಸ್ಆಪ್, ಗ್ಯಾಲರಿ, ಹಣದ ಆಪ್ ಮೂರಕ್ಕೂ ಫೋನಿನದಲ್ಲದ ಬೇರೆ ಪಿನ್ ಹಾಕಿ.

ಶಾಲೆಯವರಿಗೂ ಒಂದು ಮಾತು. ಎಸ್‌ಡಿಎಂಸಿ ಸಭೆಯಲ್ಲಿ ಕಟ್ಟಡ, ಬಿಸಿಯೂಟ, ಶೌಚಾಲಯದ ಮಾತು ಮುಗಿದ ಮೇಲೆ ಯಾರಾದರೂ ಇದನ್ನೂ ಎತ್ತಬೇಕು. ಹೋಂವರ್ಕನ್ನು ಶಾಲೆ ಬಿಡುವ ಮುಂಚೆ ಡೈರಿಯಲ್ಲಿ ಬರೆಸಿಬಿಟ್ಟರೆ ಸಾವಿರಾರು ಮನೆಗಳಲ್ಲಿ ಸಂಜೆ ಏಳಕ್ಕೆ ಅಪ್ಪನ ಜೇಬಿನಿಂದ ಫೋನು ಆಚೆ ಬರಬೇಕಾದ ಕಾರಣವೇ ಇರುವುದಿಲ್ಲ. ಮೇಷ್ಟ್ರಿಗೆ ಇದು ಹೊರೆಯಲ್ಲ, ಹತ್ತು ನಿಮಿಷದ ಕೆಲಸ.

ಕೆ.ಆರ್. ನಗರದ ಕಥೆ ಸ್ವಲ್ಪ ಬೇರೆ. ಅಲ್ಲಿ ರೈಲಿದೆ. ಬೆಳಗಿನ ರೈಲಿಗೆ ಮೈಸೂರಿನ ಕೆಲಸಕ್ಕೆ ಹೋಗಿ ರಾತ್ರಿ ಬರುವ ಅಪ್ಪ ಅಮ್ಮಂದಿರು ಮಗುವಿನ ಕೈಗೆ ಹಳೆಯ ಫೋನೊಂದನ್ನು ಕೊಟ್ಟು ಹೋಗಿರುತ್ತಾರೆ, ಅಜ್ಜಿಯ ಜೊತೆ ಇರುವ ಮಗು ಶಾಲೆಯಿಂದ ಬಂದಿತೇ ಎಂದು ಕೇಳಲು. ಎರಡು ಫೋನಿರುವ ಇಂಥ ಮನೆಗೆ ಫ್ಯಾಮಿಲಿ ಲಿಂಕ್ ಒಪ್ಪುತ್ತದೆ. ಮಗುವಿನ ಫೋನು ಆಂಡ್ರಾಯ್ಡ್ 7 ಅಥವಾ ಅದಕ್ಕಿಂತ ಹೊಸತಾಗಿದ್ದರೆ ಸಾಕು, ಪೋಷಕರದು ಐಫೋನ್ ಆದರೂ ನಡೆಯುತ್ತದೆ. ಹದಿಮೂರು ತುಂಬದ ಮಗುವಿಗೆ ಪೋಷಕರೇ ಹೊಸ ಗೂಗಲ್ ಖಾತೆ ಮಾಡಿಕೊಡಬೇಕು, ಹುಟ್ಟಿದ ದಿನ ನಿಜವಾದದ್ದನ್ನೇ ಹಾಕಬೇಕು. ಬಹಳ ಮನೆಗಳಲ್ಲಿ ಆಗುವ ತಪ್ಪು ಇಲ್ಲೇ. ಹಳೆಯ ಫೋನಿನಲ್ಲಿ ಅಪ್ಪನ ಖಾತೆ ಹಾಗೇ ಇರುತ್ತದೆ, ಆ ಖಾತೆಯ ಲೆಕ್ಕದಲ್ಲಿ ಫೋನು ಹಿಡಿದಿರುವವನು ನಲವತ್ತು ವರ್ಷದ ಗಂಡಸು, ಯಾವ ತಡೆಯೂ ಅನ್ವಯಿಸುವುದಿಲ್ಲ. ಫೋನನ್ನು ಪೂರ್ತಿ ಅಳಿಸಿ, ಮಗುವಿನ ಖಾತೆಯಿಂದಲೇ ಹೊಸದಾಗಿ ಶುರು ಮಾಡಿ.

ಆಮೇಲೆ ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟಕ್ಕೆ ಮುಚ್ಚಬೇಕು, ಯಾವ ಆಪ್ ಬೇಕು ಬೇಡ ಎಲ್ಲವನ್ನೂ ಅಮ್ಮ ರೈಲಿನಲ್ಲಿ ಕೂತೇ ಹೇಳಬಹುದು. ಹೊಸ ಆಪ್ ಬೇಕೆಂದು ಮಗು ಒತ್ತಿದರೆ ಅಮ್ಮನ ಫೋನಿಗೆ ಕೇಳಿಕೆ ಬರುತ್ತದೆ. ಫೋನ್ ಕರೆಯ ಆಪ್ ಅನ್ನು ಯಾವಾಗಲೂ ತೆರೆದಿರುವ ಪಟ್ಟಿಗೆ ಸೇರಿಸಲು ಮರೆಯಬೇಡಿ. ರಾತ್ರಿ ಅಜ್ಜಿಗೆ ಎದೆನೋವು ಬಂದರೆ ಮಗುವಿಗೆ ಕರೆ ಮಾಡಲು ಆಗಬೇಕಲ್ಲ. ಇದಕ್ಕೂ ಮಿತಿಯಿದೆ. ವೆಬ್‌ಸೈಟುಗಳ ತಡೆ ಕ್ರೋಮ್‌ಗೆ ಮಾತ್ರ ಹತ್ತುತ್ತದೆ, ಇನ್ನೊಂದು ಬ್ರೌಸರ್ ಇದ್ದರೆ ಅದರಲ್ಲಿ ಎಲ್ಲವೂ ಬಯಲು. ವಾಟ್ಸ್ಆಪ್‌ನೊಳಗೆ ಏನು ಬಂತು ಎಂಬುದು ಅದಕ್ಕೆ ಕಾಣುವುದೂ ಇಲ್ಲ.

ಹೆಚ್.ಡಿ. ಕೋಟೆಯ ಕಾಡಂಚಿಗೆ ಹೋದರೆ ಪ್ರಶ್ನೆಯೇ ಬೇರೆ. ಸಿಗ್ನಲ್ ಹುಡುಕಿಕೊಂಡು ದಿಣ್ಣೆ ಹತ್ತಬೇಕಾದ ಹಾಡಿಗಳಲ್ಲಿ, ದೂರದಿಂದ ಮಗುವಿನ ಫೋನಿಗೆ ಬೀಗ ಹಾಕುತ್ತೇನೆ ಎಂದರೆ ಆ ಆಜ್ಞೆ ಫೋನಿಗೆ ತಲುಪುವುದೇ ಇಲ್ಲ. ಮೊದಲೇ ಹಾಕಿಟ್ಟ ಹೊತ್ತಿನ ಮಿತಿ ಮಾತ್ರ ನೆಟ್ ಇಲ್ಲದಿದ್ದರೂ ಫೋನಿನಲ್ಲೇ ಕೂತು ಕೆಲಸ ಮಾಡುತ್ತದೆ. ಅಂಥ ಕಡೆ ಇನ್ನಷ್ಟು ಹೊತ್ತು ಬಿಡಬೇಕೆಂದರೆ ಪೋಷಕರ ಫೋನಿನ ಫ್ಯಾಮಿಲಿ ಲಿಂಕ್‌ನಲ್ಲಿ ಪೇರೆಂಟ್ ಆಕ್ಸೆಸ್ ಕೋಡ್ ಎಂಬುದಿದೆ, ಅದನ್ನು ಮಗುವಿನ ಫೋನಿನಲ್ಲಿ ಒತ್ತಿದರೆ ನೆಟ್ ಇಲ್ಲದೆಯೇ ತೆರೆಯುತ್ತದೆ. ಆದರೆ ಸಿಗ್ನಲ್ ಇಲ್ಲದ ಊರಿನಲ್ಲಿ ವಿಡಿಯೊ ಬರುವುದು ಬೇರೆ ದಾರಿಯಲ್ಲಿ. ಕೋಟೆಗೋ ಸರಗೂರಿಗೋ ಹೋಗಿ ಬಂದವನು ತುಂಬಿಸಿಕೊಂಡು ಬಂದ ಮೆಮೊರಿ ಕಾರ್ಡು ಕೈಯಿಂದ ಕೈಗೆ ಹೋಗುತ್ತದೆ, ಒಂದು ಫೋನಿನಿಂದ ಇನ್ನೊಂದಕ್ಕೆ ನೇರ ಹಾರುತ್ತದೆ. ಅಲ್ಲಿ ಯಾವ ವಯಸ್ಸಿನ ಮೆಟ್ಟಿಲೂ ಇಲ್ಲ. ಆಪ್‌ಗಳನ್ನೂ ಹೀಗೇ ಹಂಚಿಕೊಳ್ಳುತ್ತಾರೆ, ಅದನ್ನು ತಡೆಯಲು ಅಪರಿಚಿತ ಮೂಲದ ಆಪ್ ಬೇಡ ಎಂಬ ಸೆಟ್ಟಿಂಗ್ ಹಾಕಿಡಬಹುದು. ವಿಡಿಯೊಗೆ ಅಂಥ ಬೀಗ ಇಲ್ಲ. ವಾರಕ್ಕೊಮ್ಮೆ ಮಗುವಿನ ಜೊತೆಗೇ ಕೂತು ಗ್ಯಾಲರಿ ನೋಡುವುದೊಂದೇ ದಾರಿ. ಹಾಡಿಯ ಆಶ್ರಮ ಶಾಲೆಗಳ ಶಿಕ್ಷಕರು ಈ ಮಾತನ್ನು ತಂದೆತಾಯಿಗಳಿಗೆ ತಿಳಿಹೇಳಿದರೆ, ಓದು ಬಾರದ ಪೋಷಕರಿಗೂ ಒಂದು ಹಿಡಿ ಸಿಗುತ್ತದೆ.

ಯೂಟ್ಯೂಬಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಹೊತ್ತು ನುಂಗುವುದು ಅದೇ. ನೀವು ನೋಡಿದ್ದನ್ನು ನೆನಪಿಟ್ಟು, ಅಂಥದ್ದನ್ನೇ ಮತ್ತೆ ಮುಂದೆ ಹಿಡಿಯುವುದು ಅದರ ಕ್ರಮ. ಒಬ್ಬರೇ ನೋಡುವ ಫೋನಿನಲ್ಲಿ ಅದು ಒಬ್ಬರದೇ ರುಚಿ. ಒಂದೇ ಫೋನನ್ನು ಮೂವರು ನೋಡುವ ಮನೆಯಲ್ಲಿ ಅಪ್ಪ ರಾತ್ರಿ ನೋಡಿದ ಕೊಲೆ ಪ್ರಕರಣದ ಪಕ್ಕದಲ್ಲೇ ಬೆಳಗ್ಗೆ ಮಗುವಿನ ಶಿಶುಗೀತೆ ಬರುತ್ತದೆ. ಮಗು ಏನನ್ನೂ ಹುಡುಕಿರುವುದಿಲ್ಲ, ನಾವು ನೋಡಿದ್ದರ ಎಂಜಲು ಅದರ ಮುಂದೆ ಬಂದಿರುತ್ತದೆ. ಆದ್ದರಿಂದ ಐದಾರು ವರ್ಷದ ಮಕ್ಕಳಿರುವ ಮನೆಯಲ್ಲಿ ಯೂಟ್ಯೂಬ್ ಕಿಡ್ಸ್ ಬೇರೆಯಾಗಿ ಹಾಕಿಕೊಳ್ಳಿ. 2016ರಿಂದ ಅದು ಭಾರತದಲ್ಲಿದೆ. ನಾಲ್ಕರವರೆಗಿನವರಿಗೆ, ಐದರಿಂದ ಎಂಟರವರಿಗೆ, ಒಂಬತ್ತರಿಂದ ಹನ್ನೆರಡರವರಿಗೆ ಬೇರೆ ಬೇರೆ ಆಯ್ಕೆಗಳಿವೆ. ನಾವು ಒಪ್ಪಿದ ಚಾನೆಲ್ಲುಗಳು ಮಾತ್ರ ಕಾಣಲಿ ಎಂದೂ ಮಾಡಬಹುದು, ಅದರೊಳಗೇ ಟೈಮರ್ ಕೂಡ ಇದೆ. ದೊಡ್ಡ ಮಕ್ಕಳಿಗೆ ಮಾಮೂಲಿ ಯೂಟ್ಯೂಬಿನಲ್ಲೇ ರಿಸ್ಟ್ರಿಕ್ಟೆಡ್ ಮೋಡ್ ಹಾಕಿ, ಒಂದು ಮುಗಿದರೆ ಇನ್ನೊಂದು ತಾನಾಗಿ ಶುರುವಾಗುವ ಆಟೊಪ್ಲೇ ನಿಲ್ಲಿಸಿ. ಆಟೊಪ್ಲೇ ನಿಲ್ಲಿಸಿದರೆ ಪ್ರತಿ ವಿಡಿಯೊ ಮುಗಿದಾಗಲೂ ಒಂದು ಕ್ಷಣ ಮೌನ ಬರುತ್ತದೆ. ಊಟಕ್ಕೆ ಕರೆದ ಅಮ್ಮನ ದನಿ ಕೇಳಿಸುವುದು ಆ ಮೌನದಲ್ಲಿ.

ಎರಡು ವರ್ಷದೊಳಗಿನ ಕೂಸುಗಳಿಗೆ ಪರದೆಯೇ ಬೇಡ, ಎರಡರಿಂದ ಐದರವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎನ್ನುವುದು ನಮ್ಮ ದೇಶದ ಮಕ್ಕಳ ವೈದ್ಯರ ಸಂಘದ ಮಾತು. ಫೋನು ತೋರಿಸಿ ತುತ್ತು ತಿನ್ನಿಸುವ ತಾಯಂದಿರನ್ನು ನಾನು ದೂರುವುದಿಲ್ಲ, ಹೊಲದಿಂದ ಬಂದು ದಣಿದ ಕೈ ಅದು. ಆದರೂ ಆ ಕೂಸಿಗೆ ಬೀಗವಾಗಲಿ ಆಪ್ ಆಗಲಿ ಬೇಕಿಲ್ಲ, ಫೋನನ್ನು ಗೂಡಿನ ಮೇಲಿಟ್ಟರೆ ಸಾಕು.

ಹೈಸ್ಕೂಲು ಮುಟ್ಟಿದ ಮಕ್ಕಳ ವಿಷಯ ಕಷ್ಟದ್ದು. 2024ರ ಅಸರ್ ವರದಿ ಹಳ್ಳಿಗಳ 14ರಿಂದ 16 ವರ್ಷದ ಮಕ್ಕಳನ್ನು ಮಾತಾಡಿಸಿತ್ತು. ಹಿಂದಿನ ವಾರ ಓದಿಗೆ ಫೋನು ಬಳಸಿದ್ದೇನೆ ಎಂದವರು ಶೇ 57, ಸೋಶಿಯಲ್ ಮೀಡಿಯಾಕ್ಕೆ ಬಳಸಿದ್ದೇನೆ ಎಂದವರು ಶೇ 76. ಹಾಗೆ ಬಳಸುವವರಲ್ಲಿ ಕಾಟ ಕೊಡುವವರನ್ನು ಬ್ಲಾಕ್ ಮಾಡಲು ಗೊತ್ತಿದ್ದದ್ದು ಶೇ 62ರಷ್ಟು ಮಕ್ಕಳಿಗೆ, ತಮ್ಮ ಖಾತೆಯನ್ನು ಪ್ರೈವೇಟ್ ಮಾಡಿಕೊಳ್ಳಲು ಗೊತ್ತಿದ್ದದ್ದು ಶೇ 55ರಷ್ಟು ಮಕ್ಕಳಿಗೆ. ಉಳಿದವರ ಫೋಟೊ ಯಾರು ಬೇಕಾದರೂ ನೋಡಬಹುದು, ಯಾರು ಬೇಕಾದರೂ ಮಾತಾಡಿಸಬಹುದು. ಇನ್‌ಸ್ಟಾಗ್ರಾಮಿನವರು 2024ರ ಸೆಪ್ಟೆಂಬರಿನಲ್ಲಿ ಟೀನ್ ಅಕೌಂಟ್ ತಂದರು, ಮರುವರ್ಷ ಫೆಬ್ರವರಿಯಲ್ಲಿ ಅದು ಭಾರತಕ್ಕೂ ಬಂತು. ಅದರಲ್ಲಿ ಖಾತೆ ತಾನಾಗಿ ಪ್ರೈವೇಟ್ ಆಗಿರುತ್ತದೆ, ಗುರುತಿಲ್ಲದವರು ಮೆಸೇಜು ಕಳಿಸಲಾಗದು, ರಾತ್ರಿ ಹತ್ತರಿಂದ ಬೆಳಗ್ಗೆ ಏಳರವರೆಗೆ ಸದ್ದಿಲ್ಲ, ಹದಿನಾರರೊಳಗಿನವರು ಇದನ್ನು ಸಡಿಲಿಸಬೇಕೆಂದರೆ ಪೋಷಕರ ಒಪ್ಪಿಗೆ ಬೇಕು. ಆದರೆ ನಮ್ಮ ಹುಡುಗರು ಖಾತೆ ತೆರೆಯುವಾಗ ಹಾಕಿದ ಹುಟ್ಟಿದ ವರ್ಷ ಬೇರೆಯೇ ಇರುತ್ತದೆ. ಮೊದಲು ಮಗುವಿನ ಜೊತೆ ಕೂತು ಅದನ್ನು ನೋಡಿ.

ಕೂತು ನೋಡಿ ಎಂದೆ, ಕದ್ದು ನೋಡಿ ಎನ್ನಲಿಲ್ಲ. ಮಕ್ಕಳಿಗೆ ತಿಳಿಯದಂತೆ ಅವರ ಮೆಸೇಜು ಓದುವ ಆಪ್‌ಗಳೂ ಸಿಗುತ್ತವೆ. ಅವನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ ಎಂದು ಕೈ ಮುಗಿದು ಕೇಳುತ್ತೇನೆ. ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮ ಕಡೆ ಒಂದು ಕೆಟ್ಟ ರೂಢಿಯಿದೆ. ಫೋನಿನಲ್ಲಿ ಏನಾದರೂ ಕಂಡರೆ ಹುಡುಗನಿಗೆ ಬೈಗುಳ, ಹುಡುಗಿಯಾದರೆ ಫೋನೇ ಕಿತ್ತುಕೊಳ್ಳುವುದು, ಕೆಲವೊಮ್ಮೆ ಕಾಲೇಜನ್ನೇ ಬಿಡಿಸುವುದು. ಇದು ಎಲ್ಲ ಹುಡುಗಿಯರಿಗೂ ಗೊತ್ತು. ಹಾಗಾಗಿ ಯಾವನೋ ಒಬ್ಬ ಫೋಟೊ ಇಟ್ಟುಕೊಂಡು ಹೆದರಿಸಿದಾಗ ಅವಳು ಮನೆಯಲ್ಲಿ ಬಾಯಿ ಬಿಡುವುದಿಲ್ಲ, ಅವನು ಹೇಳಿದಂತೆ ಕೇಳುತ್ತಾ ಹೋಗುತ್ತಾಳೆ. ಬೀಗ ಹಾಕುವ ದಿನವೇ ಮಗಳಿಗೆ ಒಂದು ಮಾತು ಕೊಡಿ: ಏನೇ ಆದರೂ ನಮಗೆ ಹೇಳು, ಹೇಳಿದ್ದಕ್ಕೆ ಫೋನು ಕಿತ್ತುಕೊಳ್ಳುವುದಿಲ್ಲ, ಓದು ಬಿಡಿಸುವುದಿಲ್ಲ. ಕೊಟ್ಟ ಮೇಲೆ ಉಳಿಸಿಕೊಳ್ಳಿ. 1098 ಮಕ್ಕಳ ಸಹಾಯವಾಣಿ, 1930 ಸೈಬರ್ ವಂಚನೆಯ ದೂರಿಗೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧದ ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ಕೊಡಬಹುದು. ಈ ನಂಬರುಗಳನ್ನು ಮಗುವಿನ ಫೋನಿನಲ್ಲಿ ನೀವೇ ಸೇವ್ ಮಾಡಿಕೊಡಿ.

ಬೀಗಕ್ಕೆ ಬಗ್ಗದ ಸ್ಥಿತಿಯೂ ಇರುತ್ತದೆ. ಊಟ, ನಿದ್ದೆ, ಶಾಲೆ ಬಿಟ್ಟು ಫೋನಿಗೇ ಅಂಟಿಕೊಂಡ, ಕಿತ್ತುಕೊಂಡರೆ ಮನೆ ಸಾಮಾನು ಒಡೆಯುವ ಮಕ್ಕಳಿಗೆ ಬೇಕಾಗಿರುವುದು ಚಿಕಿತ್ಸೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಷಟ್ ಕ್ಲಿನಿಕ್ ಇದೆ. ಅಷ್ಟು ದೂರ ಹೋಗುವ ಮುಂಚೆ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕಾನೂನೂ ಬರುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ತೆಗೆದುಕೊಳ್ಳುವ ಮುಂಚೆ ಕಂಪನಿಗಳು ತಂದೆತಾಯಿಯ ಒಪ್ಪಿಗೆಯನ್ನು ಖಾತ್ರಿ ಮಾಡಿಕೊಳ್ಳಬೇಕು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದು ಹಂತ ಹಂತವಾಗಿ ಜಾರಿಗೆ ಬರಲಿವೆ. ಆಸ್ಟ್ರೇಲಿಯಾ ಅದೇ ವರ್ಷದ ಡಿಸೆಂಬರ್ 10ರಿಂದ ಹದಿನಾರರೊಳಗಿನವರಿಗೆ ಸೋಶಿಯಲ್ ಮೀಡಿಯಾ ಖಾತೆಯೇ ಬೇಡ ಎಂದಿದೆ. ಒಳ್ಳೆಯದೇ. ಆದರೆ ನಿಮ್ಮ ಮಗನಿಗೆ ಅನುಮತಿ ಕೊಡುತ್ತೀರಾ ಎಂದು ಕೇಳುವ ಮೆಸೇಜು ಅಪ್ಪನ ಫೋನಿಗೆ ಬಂದಾಗ ಆ ಫೋನು ಮಗನ ಕೈಯಲ್ಲೇ ಇದ್ದರೆ, ಹೌದು ಎಂದು ಒತ್ತುವ ಬೆರಳು ಯಾರದು?

ಹೊತ್ತಿನ ವಿಷಯಕ್ಕೆ ಪಕ್ಕದ ಮಹಾರಾಷ್ಟ್ರದ ಒಂದು ಊರು ನೆನಪಾಗುತ್ತದೆ. ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್‌ನಲ್ಲಿ 2022ರ ಆಗಸ್ಟ್ 15ರಿಂದ ಸಂಜೆ ಏಳಕ್ಕೆ ದೇವಸ್ಥಾನದಿಂದ ಸೈರನ್ ಕೂಗುತ್ತದೆ. ಎಂಟೂವರೆವರೆಗೆ ಊರಿಗೆ ಊರೇ ಟಿ.ವಿ., ಫೋನು ಆರಿಸುತ್ತದೆ. ದೊಡ್ಡವರೂ ಆರಿಸುತ್ತಾರೆ ಎಂಬುದೇ ಅದರ ಜೀವಾಳ. ನಮ್ಮ ಊರುಗಳ ಗುಡಿಗಳ ಮೇಲೆ ಧ್ವನಿವರ್ಧಕಕ್ಕೇನೂ ಕೊರತೆಯಿಲ್ಲ.

ಅಕ್ಕನ ಮನೆಯಲ್ಲಿ ಸೈರನ್ ಇಲ್ಲ. ರಾತ್ರಿ ಒಂಬತ್ತಾದರೆ ಫೋನು ಬ್ಯಾರನ್‌ಗೆ ಹೋಗಬೇಕು, ಭಾವನ ಜೊತೆ, ಅಷ್ಟೇ ಎಂದು ಆ ಭಾನುವಾರ ಮಾತಾಯಿತು. ಭಾನುವಾರ ಮಧ್ಯಾಹ್ನ ಒಂದು ಗಂಟೆ ಆಟ, ದುಡ್ಡು ಕಟ್ಟುವ ಆಟವಲ್ಲ. ಹುಡುಗ ಮುಖ ಸಣ್ಣದು ಮಾಡಿಕೊಂಡ. ಆದರೆ ಬೆಳೆ ಸಮೀಕ್ಷೆ ಬಂದಾಗ ನೀನೇ ಮಾಡಬೇಕು, ಅಮ್ಮ ಲಾಕ್ ತೆಗೆದುಕೊಡುತ್ತಾಳೆ ಎಂದಾಗ ತಲೆ ಎತ್ತಿದ. ಮನೆಯ ಗುಮಾಸ್ತಿಕೆ ಅವನಿಂದ ಹೋಗಿರಲಿಲ್ಲ.

ಹದಿನೈದು ದಿನ ಕಳೆದು ಅಕ್ಕ ಫೋನ್ ಮಾಡಿದಳು. ಎರಡನೇ ಸಲದ ಸೊಪ್ಪು ಬ್ಯಾರನ್‌ಗೆ ಏರಿಸಿ ಆಗಿತ್ತಂತೆ.

"ಪ್ಲೇ ಸ್ಟೋರಿನ ಪಿನ್ ಬದ್ಲಾಯಿಸ್ದೆ ಕಣಪ್ಪ. ನಾನ್ ಒತ್ತೋವಾಗ ಹಿಂದಿಂದ ನಿಂತ್ಕಂಡು ನೋಡ್ಬುಟ್ಟಿದ್ದ."

"ನೀನೇ ಬದಲಾಯಿಸಿದ್ಯಾ? ಯಾರು ಹೇಳಿಕೊಟ್ಟರು?"

"ಕನ್ನಡದಲ್ಲೇ ಬರ್ದದಲ್ಲ, ಓದ್ಕಂಡು ಓದ್ಕಂಡು ಮಾಡ್ದೆ."

"ಯಾವ ನಂಬರು ಹಾಕ್ದೆ? ಅವನ ಹುಟ್ಟಿದ ದಿನ, ಬೈಕಿನ ನಂಬರು ಅಂಥದ್ದೇನೂ ಇಡಬೇಡ, ಸುಲಭಕ್ಕೆ ಕಂಡುಹಿಡಿದುಬಿಡ್ತಾನೆ."

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಿಂಗ್ಯಾಕಪ್ಪ ಹೇಳ್ಲಿ ಅದ? ನಿಮ್ಮ ಭಾವಂಗೂ ಹೇಳಿಲ್ಲ" ಅಂದಳು.